ಕುದುರೆ ಲಾಯ ತೊಳೆದ ವರ್ಷ

ಪರ್ತ್‌ನ ಕ್ಯಾನಿಂಗ್ ವೇಲ್‌ನಲ್ಲಿ ನಮ್ಮ ಮನೆಗೆ ಹಿತ್ತಲೆಂದು ಇರುವುದು ಒಂದು ತುಂಡು ಹುಲ್ಲು, ಅದರ ಹಿಂದೆ ಸುಣ್ಣಕಲ್ಲಿನ ಒಂದು ಮೋಟುಗೋಡೆ. ಹಿಂದಿನ ಮನೆಯ ನೆಲ ನಮ್ಮದಕ್ಕಿಂತ ಎತ್ತರ. ಅಲ್ಲಿಯ ಮರಳು ಜರಿದು ಇತ್ತ ಬರದಿರಲೆಂದು ಕಟ್ಟಿದ್ದು, ಅಷ್ಟೇ. ಹಳೆಯ ಕಟ್ಟಡಗಳನ್ನು ಅಳೆದು ಹೊಟ್ಟೆ ಹೊರೆಯುವ ನನಗೆ ಅದನ್ನು ಗೋಡೆ ಎನ್ನಲೂ ಮನಸ್ಸು ಬರುತ್ತಿರಲಿಲ್ಲ. ೨೦೧೯ರ ಆಗಸ್ಟ್ ಕೊನೆ. ಗಣೇಶನ ಹಬ್ಬ ಹತ್ತಿರ ಬಂತೆಂದು ಒಂದು ಬೆಳಿಗ್ಗೆ ಹಿತ್ತಲಿನ ಇಟ್ಟಿಗೆ ಹಾಸನ್ನು ತೊಳೆಯುತ್ತಿದ್ದೆ. ಪೈಪು ಕೈಜಾರಿ ನೀರು ಆ ಗೋಡೆಗೆ ರಾಚಿತು. ಒದ್ದೆ ಸುಣ್ಣಕಲ್ಲಿನ ವಾಸನೆ ಗಮ್ಮೆಂದು ಎದ್ದಿತು. ಪೈಪು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

"ಅಮ್ಮಾ, ಯು ಆರ್ ಜಸ್ಟ್ ವಾಟರಿಂಗ್ ದ ವಾಲ್!" ಎಂದು ಮಗಳು ಅನು ಅಡುಗೆಮನೆ ಕಿಟಕಿಯಿಂದ ಕೂಗಿದಳು.

"ಗೊತ್ತು ಬಿಡೇ," ಎಂದೆ. ಆ ವಾಸನೆಗೆ ಒಂದಿಷ್ಟು ಅರಿಶಿನ, ಒಂದಿಷ್ಟು ಚೆಲ್ಲಿದ ಬಿಯರು ಸೇರಿದ್ದರೆ ಅಡಿಲೇಡ್‌ನ ಆ ವರ್ಷ ಇಡೀ ಬಂದು ಎದುರಿಗೆ ಕೂತುಬಿಡುತ್ತಿತ್ತು. ಅವು ಇಲ್ಲದೆಯೂ ಬಂತು. ಮಧ್ಯಾಹ್ನದ ಹೊತ್ತಿಗೆ ನಾನು ಅಡಿಲೇಡ್‌ಗೆ ಟಿಕೆಟ್ ತೆಗೆದಾಗಿತ್ತು.

೨೦೧೪ರಲ್ಲಿ ನಾವು ಅಲ್ಲಿದ್ದೆವು. ಗಂಡನದು ಸಾಫ್ಟ್‌ವೇರ್ ಕೆಲಸ, ವೀಸಾ ಬಂದಿದ್ದೂ ಅದರ ದೆಸೆಯಿಂದಲೇ. ಮೈಸೂರಿನಲ್ಲಿ ಆರ್ಕಿಟೆಕ್ಟ್ ಎನಿಸಿಕೊಂಡಿದ್ದ ನನಗೆ ಅಲ್ಲಿ ಸಿಕ್ಕಿದ್ದು ಹಳೆಯ ಕಟ್ಟಡಗಳನ್ನು ಅಳೆದು ನಕ್ಷೆ ಬರೆಯುವ ಕೆಲಸ. ಆಫೀಸು ಚಿಕ್ಕದು. ನಡೆಸುತ್ತಿದ್ದವರು ಹೆಲೆನ್ ಎಂಬ ಮಿತಭಾಷಿ ಹೆಂಗಸು. ಕಲ್ಲಿನ ಬಗ್ಗೆ ಕೇಳಿದರೆ ಮಾತ್ರ ಬಾಯಿ ತೆರೆಯುತ್ತಿದ್ದರು, ತೆರೆದರೆ ಮುಚ್ಚುತ್ತಿರಲಿಲ್ಲ. ಆ ಜೂನ್‌ನಲ್ಲಿ, ಚಳಿಗಾಲದ ಮಳೆ ಜಿಟಿಜಿಟಿ ಹಿಡಿದುಕೊಂಡಿದ್ದಾಗ, ಅಲ್ಲಿಯ ನಗರಸಭೆಯಾದ ಕೌನ್ಸಿಲ್‌ನವರು ನಮಗೊಂದು ಕೆಲಸ ಒಪ್ಪಿಸಿದರು. ಬಂದರಿಗೆ ಹೋಗುವ ದಾರಿಯ ಮೂಲೆಯಲ್ಲಿರುವ ಹಳೆಯ ಸ್ಕಾಟಿಷ್ ಪಬ್ಬನ್ನೂ ಅದಕ್ಕೆ ಅಂಟಿಕೊಂಡ ಕಟ್ಟಡಗಳನ್ನೂ ಪರೀಕ್ಷಿಸಿ ವರದಿ ಕೊಡಬೇಕು. ಕೇಳಿದ್ದೇ ನನಗೆ ನಗು ಬಂತು. ಆ ಪಬ್ಬಿನ ಕುದುರೆ ಲಾಯದಲ್ಲಿ ಪ್ರತಿ ಭಾನುವಾರ ನನ್ನ ಮಗಳು ಕೂತು ಅ ಆ ಇ ಈ ತಿದ್ದುತ್ತಿದ್ದಳು.

"ಅಲ್ಲಿ ನಮ್ಮ ಕನ್ನಡ ಶಾಲೆ ನಡೆಯುತ್ತೆ," ಎಂದು ಹೆಲೆನ್‌ಗೆ ಮೊದಲೇ ಹೇಳಿದೆ.

"ಹಾಗಾದರೆ ನೀನು ಅಳತೆ ಮಾಡು, ಅಭಿಪ್ರಾಯ ನಾನು ಬರೀತೀನಿ," ಎಂದರು. ಇಂಗ್ಲಿಷಿನವರ ಮಾತನ್ನೆಲ್ಲ ನಾನು ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಆ ಕಟ್ಟಡದ ಬಗ್ಗೆ ಹೇಳಲು ಶುರುಮಾಡಿದರೆ ನನ್ನ ಗಂಡ ಈಗಲೂ ಟಿವಿ ಸದ್ದು ಜೋರು ಮಾಡುತ್ತಾನೆ. ಇಲ್ಲಿ ಅವನ ಕಾಟವಿಲ್ಲ. ಸುಣ್ಣದ ಗಾರೆಯಲ್ಲಿ ಕಟ್ಟಿದ ಎರಡು ಅಂತಸ್ತಿನ ಪಬ್ಬು. ಅಡಿಲೇಡ್‌ನ ಹಳೆ ಮನೆಗಳೆಲ್ಲ ಯಾವುದರದ್ದೋ ಆ ಕಲ್ಲಿನದೇ ಇದೂ. ಹೆಸರಿಗೆ ನೀಲಿಗಲ್ಲು, ಹತ್ತಿರ ಹೋಗಿ ನೋಡಿದರೆ ಬೂದಿ, ಜೇನು, ಕಬ್ಬಿಣದ ತುಕ್ಕು, ಎಲ್ಲ ಬಣ್ಣವೂ ಇದೆ. ಎರಡು ರಸ್ತೆ ಕೂಡುವಲ್ಲಿ ಗೋಡೆಯ ಮೂಲೆಯನ್ನು ಓರೆಯಾಗಿ ಕತ್ತರಿಸಿ ಅಲ್ಲೇ ಬಾಗಿಲಿಟ್ಟಿದ್ದರು, ಯಾವ ರಸ್ತೆಯಿಂದ ಬಂದವನೂ ತಪ್ಪಿಸಿಕೊಳ್ಳಬಾರದೆಂದು. ಮಾಡಿನ ಅಂಚಿನ ಗೋಡೆ ಎರಡೂ ಕಡೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ ತುದಿಯಲ್ಲಿ ಕೂಡುತ್ತಿತ್ತು. ಸ್ಕಾಟ್‌ಲ್ಯಾಂಡಿನಲ್ಲಿ ಇವನ್ನು ಕಾಗೆ ಮೆಟ್ಟಿಲು ಎನ್ನುತ್ತಾರಂತೆ. ಇಲ್ಲಿ ಅವುಗಳ ಮೇಲೆ ಕೂತು ಜಗಳಾಡುತ್ತಿದ್ದವು ಬಣ್ಣಬಣ್ಣದ ಗಿಣಿಗಳು. ಹಿಮ ಬೀಳುವ ಊರಿನ ಕಡಿದಾದ ಮಾಡು, ಚಳಿಗಾಳಿಗೆ ಹೆದರಿದ ಕಿರಿಕಿರಿದು ಕಿಟಕಿಗಳು, ಅದೂ ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ! ಕಟ್ಟಿಸಿದವನು ಸ್ಕಾಟ್‌ಲ್ಯಾಂಡಿನಿಂದ ಹಡಗು ಹತ್ತಿ ಬಂದ ಒಬ್ಬ ಕಲ್ಲುಕುಟಿಗ ಎಂದು ಹೇಳುತ್ತಿದ್ದರು. ಮೊದಲ ದಿನ ಅವನ ಬುದ್ಧಿಗೆ ನಕ್ಕೆ. ಆಮೇಲೆ ಬ್ರಿಸ್ಬೇನ್‌ನಲ್ಲಿ ಎರಡು ಕಾರಿನ ಗ್ಯಾರೇಜಿನ ಪಕ್ಕ ತುಳಸಿಕಟ್ಟೆ ಕಟ್ಟಿಸಿಕೊಂಡ ನನ್ನ ಚಿಕ್ಕಮ್ಮನ ಮಗಳು ನೆನಪಾದಳು, ನಗು ನಿಂತಿತು. ಊರು ಬಿಟ್ಟು ಬಂದವರು ಊರನ್ನು ಹೀಗೇ ತುಂಡು ತುಂಡಾಗಿ ತಂದಿಡುವುದು.

ಪಬ್ಬಿನ ಎಡಕ್ಕೆ ಒಂದು ಕಲ್ಲಿನ ಕಮಾನು. ಅದರ ಕೆಳಗೆ ಕುದುರೆಗಾಡಿ ಹಿಂದಕ್ಕೆ ಹೋಗುವಷ್ಟು ದಾರಿ. ಕಮಾನಿನ ಆಚೆ ಬದಿಗೆ ರಸ್ತೆಗೆ ಮುಖಮಾಡಿ ಒಂದು ಪುಟ್ಟ ಮನೆ. ಆ ಮನೆಯ ಬೆನ್ನಿಗೆ ಅಂಟಿಕೊಂಡೇ ಕುದುರೆ ಲಾಯ. ಪಬ್ಬು, ಮನೆ, ಲಾಯ, ಈ ಮೂರರ ನಡುವೆ ಸಿಕ್ಕಿಕೊಂಡಂತೆ ಒಂದು ಅಂಗಳ, ಅಂಗಳದಲ್ಲಿ ಒಂದು ನಿಂಬೆಗಿಡ. ಇಷ್ಟೇ ನನ್ನ ಕಥೆಯ ಭೂಗೋಳ.

ಪುಟ್ಟ ಮನೆಯಲ್ಲಿ ಇದ್ದವರು ಇಯನ್. ಎಪ್ಪತ್ತು ದಾಟಿದವರು. ಸ್ಕಾಟ್‌ಲ್ಯಾಂಡಿನ ಡಂಡೀಯಿಂದ ಚಿಕ್ಕಂದಿನಲ್ಲೇ ಬಂದಿದ್ದರೂ ಅಲ್ಲಿಯ ಉಚ್ಚಾರಣೆಯನ್ನು ಬಿಟ್ಟುಕೊಟ್ಟಿರಲಿಲ್ಲ. ಪಬ್ಬನ್ನು ಭೋಗ್ಯಕ್ಕೆ ಹಿಡಿದು ಅರ್ಧ ಆಯುಸ್ಸು ನಡೆಸಿದವರು; ಮನೆ ನಿಂತಿರುವವರೆಗೆ ಅದರಲ್ಲಿ ಇರಬಹುದೆಂದು ಕರಾರಿತ್ತು. ಹೆಂಡತಿ ಜೀನ್ ಮದುವೆಯಾಗಿ ಬಂದದ್ದು ಆ ಪುಟ್ಟ ಮನೆಗೆ, ಕಾಯಿಲೆ ಬಿದ್ದು ತೀರಿಕೊಂಡದ್ದೂ ಅದೇ ಮನೆಯಲ್ಲಿ. ನಿಂಬೆಗಿಡ ಆಕೆ ನೆಟ್ಟದ್ದು.

ಆ ಗಿಡವೇ ನಮ್ಮವರನ್ನು ಅಲ್ಲಿಗೆ ಕರೆತಂದಿದ್ದು. ಮೈಸೂರಿನ ಒಂಟಿಕೊಪ್ಪಲಿನ ರುಕ್ಕು ಆಂಟಿ ಅಡಿಲೇಡ್‌ನಲ್ಲಿ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾಗಿ, ಪಬ್ಬಿನ ಹಿಂದಿನ ಬೀದಿಯಲ್ಲಿದ್ದರು. ಗೋಡೆಯಾಚೆ ನಿಂಬೆಹಣ್ಣು ಉದುರಿ ಕೊಳೆಯುವುದನ್ನು ನೋಡಿ ನೋಡಿ ಅವರಿಗೆ ತಡೆಯಲಾಗಲಿಲ್ಲ. ಒಂದು ದಿನ ಸೀರೆಯ ಮೇಲೆ ಕಾರ್ಡಿಗನ್ ಹಾಕಿಕೊಂಡು, ಕೈಚೀಲ ಹಿಡಿದು, ಜನ್ಮದಲ್ಲಿ ಮೊದಲ ಸಲ ಪಬ್ಬಿನ ಬಾಗಿಲು ತಳ್ಳಿದರು. ಅಲ್ಲಿ ಕುಡಿಯುತ್ತಿದ್ದವರೆಲ್ಲ ಎದ್ದು ನಿಂತರಂತೆ. ಚೀಲದ ತುಂಬ ನಿಂಬೆಹಣ್ಣು ಬಂತು. ಬದಲಿಗೆ ಕೆಲವು ವಾರಗಳ ನಂತರ ಒಂದು ಭರಣಿ ಉಪ್ಪಿನಕಾಯಿ ಹೋಯಿತು. ಇಯನ್ ಅದನ್ನು ಚೀಸಿನ ಜೊತೆ ತಿಂದು ಕಣ್ಣಲ್ಲಿ ನೀರು ಸುರಿಸಿಕೊಂಡು ಇನ್ನೊಂದು ಭರಣಿ ಕೇಳಿದರು. ಖಾಲಿ ಬಿದ್ದಿದ್ದ ಲಾಯವನ್ನು ಆಂಟಿ ಕನ್ನಡ ಶಾಲೆಗೆ ಕೇಳಿದ್ದು ಆಮೇಲೆ. ಒಬ್ಬರ ಇಂಗ್ಲಿಷು ಒಬ್ಬರಿಗೆ ಅರ್ಥವಾಗುತ್ತಿರಲಿಲ್ಲ, ಆದರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು.

ಹಾಗಿರುವಾಗ ಬಂದದ್ದು ಆ ವರ್ಷದ ಸುದ್ದಿ. ಜಾಗದ ಮಾಲೀಕರು ಒಂದು ಕಂಪನಿಯವರು. ಮುಂದಿನ ಪಬ್ಬನ್ನು ಮುಟ್ಟುವಂತಿಲ್ಲ, ಅದು ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿತ್ತು. ಆದರೆ ಮನೆಯೂ ಲಾಯವೂ ಮೂಲ ಕಟ್ಟಡದ ಭಾಗವಲ್ಲ, ಬಹಳ ವರ್ಷಗಳ ನಂತರ ಯಾರೋ ಕೈಗೆ ಸಿಕ್ಕಿದ ಕಲ್ಲಲ್ಲಿ ಸೇರಿಸಿದ ಶೆಡ್ಡುಗಳು ಎಂದು ಅವರ ತಜ್ಞರು ಬರೆದುಕೊಟ್ಟಿದ್ದರು. ಅದು ನಿಜವಾದರೆ ಎರಡನ್ನೂ ಕೆಡವಿ ಫ್ಲ್ಯಾಟು ಕಟ್ಟಬಹುದು. ಸುಳ್ಳಾದರೆ, ಅಂದರೆ ಮೂರೂ ಒಟ್ಟಿಗೇ ಒಬ್ಬನೇ ಕಟ್ಟಿದ್ದಾದರೆ, ಮೂರೂ ಉಳಿಯಬೇಕು. ನಾವು ಹುಡುಕಬೇಕಾಗಿದ್ದದ್ದು ಇದೊಂದನ್ನೇ.

"ಕೆಡವಿದರೆ ಎಲ್ಲಿಗೆ ಹೋಗ್ತೀರಿ?" ಎಂದು ಇಯನ್‌ರನ್ನು ಕೇಳಿದೆ. ಅವರು ನಿಂಬೆಗಿಡದ ಕೆಳಗೆ ಬಿದ್ದ ಎಲೆ ಗುಡಿಸುತ್ತಿದ್ದರು.

"ಬ್ರಿಸ್ಬೇನ್‌ನಲ್ಲಿ ಮಗಳಿದ್ದಾಳೆ, ಟೂವಾಂಗ್‌ನಲ್ಲಿ. ಮೂರನೇ ಮಹಡಿಯ ಫ್ಲ್ಯಾಟು. ಒಂದು ರೂಮು ಖಾಲಿ ಇದೆ, ಬಾ ಅಂತಾಳೆ." ಸ್ವಲ್ಪ ಹೊತ್ತು ಗುಡಿಸಿದರು. "ಒಳ್ಳೆ ಹುಡುಗಿ. ಆದರೆ ಜೀನ್ ಇಲ್ಲಿದ್ದಾಳಲ್ಲ."

ಜೀನ್‌ಳನ್ನು ಹೂತದ್ದು ಊರಾಚೆಯ ಸ್ಮಶಾನದಲ್ಲಿ. ಆದರೂ ಅವರು ಹೇಳಿದ್ದು ನನಗೆ ಅರ್ಥವಾಯಿತು. ಮನೆಯೊಳಗೆ ಗೋಡೆಯ ಮೇಲಿನ ಫೋಟೋಗಳನ್ನು ಆಗಲೇ ಇಳಿಸಿ ಪೆಟ್ಟಿಗೆಗೆ ತುಂಬಿದ್ದರು. ಫೋಟೋ ಇದ್ದ ಜಾಗದ ಸುಣ್ಣ ಮಾತ್ರ ಬೆಳ್ಳಗೆ ಉಳಿದಿತ್ತು. ನನಗೆ ಆ ದಿನ ಟೇಪು ಹಿಡಿಯಲು ಮನಸ್ಸಾಗಲಿಲ್ಲ.

ಜುಲೈ ಪೂರ್ತಿ ಅಳೆದೆ. ಒಂದೇ ಕಾಲದಲ್ಲಿ ಕಟ್ಟಿದ ಎರಡು ಗೋಡೆ ಕೂಡುವಲ್ಲಿ ಕಲ್ಲುಗಳು ಕೈಬೆರಳು ಹೆಣೆದ ಹಾಗೆ ಒಂದರೊಳಗೊಂದು ಹೋಗಿರುತ್ತವೆ. ಆಮೇಲೆ ಅಂಟಿಸಿದ್ದಾದರೆ ನೆಟ್ಟಗೆ ಒಂದು ಬಿರುಕು ಸಾಲು ಕಾಣುತ್ತದೆ. ಗೋಡೆ ನೋಡಿದರೆ ಸಾಕು, ಸತ್ಯ ಗೊತ್ತಾಗುತ್ತದೆ. ಆದರೆ ನೋಡುವುದೆಲ್ಲಿ? ಹಿಂದೆ ಯಾವನೋ ಪುಣ್ಯಾತ್ಮ ಮನೆಗೂ ಲಾಯಕ್ಕೂ ಒಳಗೆ ಹೊರಗೆ ಸಿಮೆಂಟು ಬಳಿದು ಕೈತೊಳೆದುಕೊಂಡಿದ್ದ. ಅದನ್ನು ಕೆರೆಯಲು ಮಾಲೀಕರು ಒಪ್ಪಲಿಲ್ಲ. ಮೇಲಾಗಿ ಸಿಮೆಂಟು ಬಿದ್ದ ಕಲ್ಲು ಉಸಿರುಕಟ್ಟಿ, ನೆಲದ ಉಪ್ಪುನೀರನ್ನು ಹೀರಿ ಒಳಗೊಳಗೇ ಪುಡಿಯಾಗುತ್ತಿತ್ತು. ಅಡಿಲೇಡ್‌ನ ಹಳೆ ಮನೆಗಳಿಗೆಲ್ಲ ಅಂಟಿದ ಈ ಕಾಯಿಲೆಗೆ ಅಲ್ಲಿಯವರು ಸಾಲ್ಟ್ ಡ್ಯಾಂಪ್ ಎನ್ನುತ್ತಾರೆ. ಆ ಹೆಸರು ಹೇಳುವಾಗ ಧ್ವನಿ ತಗ್ಗಿಸುತ್ತಾರೆ. ನೀರು ಕಂಡರೆ ನಾನು ಬೆಚ್ಚಿಬೀಳುವುದು ಶುರುವಾದದ್ದು ಆಗಲೇ.

"ಮೂರೂ ಒಂದೇ ಕೈ ಕಟ್ಟಿದ್ದು ಅಂತ ನನಗನ್ನಿಸುತ್ತೆ," ಎಂದೆ ಹೆಲೆನ್‌ಗೆ.

"ನನಗೂ ಅನ್ನಿಸುತ್ತೆ. ಅನ್ನಿಸಿದ್ದನ್ನು ಬರೆದರೆ ಕೌನ್ಸಿಲ್‌ನವರು ನಂಬಬೇಕಲ್ಲ," ಎಂದರು. ಬೆಟ್ಟ ಅಗೆದು ಇಲಿಯನ್ನೂ ಹಿಡಿಯದ ಸ್ಥಿತಿ ನಮ್ಮದು. ಹೆಲೆನ್ ವರದಿಯ ಕೊನೆಗೆ 'ಸಾಕ್ಷ್ಯ ದೊರೆತಿಲ್ಲ' ಎಂದು ಬರೆಯಲು ತಯಾರಾಗುತ್ತಿದ್ದರು. ನನಗೆ ಅಳುವಷ್ಟು ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಮಾತ್ರ ಗೊತ್ತಿರಲಿಲ್ಲ.

ಇತ್ತ ಗಣೇಶನ ಹಬ್ಬ ಬಂತು. ಪ್ರತಿ ವರ್ಷ ಬಾಡಿಗೆಗೆ ಹಿಡಿಯುತ್ತಿದ್ದ ಸಭಾಂಗಣ ಆ ಸಲ ಸಿಗಲಿಲ್ಲ. ಲಾಯದಲ್ಲೇ ಕೂರಿಸೋಣ ಎಂದರು ರುಕ್ಕು ಆಂಟಿ. ನಮ್ಮವರಲ್ಲಿ ಗುಸುಗುಸು ಎದ್ದಿತು. ಹೆಂಡದಂಗಡಿಯ ಹಿಂದೆ ಗಣಪತಿಯೇ?

"ಕುದುರೆ ಕಟ್ತಿದ್ದ ಜಾಗ ಕಣ್ರೀ, ಹೆಂಡದಂಗಡಿ ಅಲ್ಲ," ಎಂದು ಆಂಟಿ ಗದರಿದರು. "ಆನೆ ಮುಖದವನು ಕುದುರೆ ಮನೇಲಿ ಕೂತ್ರೆ ನಿಮಗೇನು ಕಷ್ಟ? ಚೆನ್ನಾಗಿ ತೊಳೆದು ಕೂರಿಸಿದ್ರಾಯ್ತು." ಆ 'ತೊಳೆದು' ಎಂಬುದನ್ನು ನಾನು ಗಮನಿಸಬೇಕಿತ್ತು, ಗಮನಿಸಲಿಲ್ಲ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ತೋರಣ ಹಿಡಿದುಕೊಂಡು ಲಾಯಕ್ಕೆ ಹೋದೆ. ಮಕ್ಕಳು ಕೂರುತ್ತಿದ್ದ ಚೌಕಚೌಕ ಕಾರ್ಪೆಟ್ಟುಗಳನ್ನೆಲ್ಲ ಕಿತ್ತು ಅಂಗಳದಲ್ಲಿ ಪೇರಿಸಿದ್ದರು. ಅವುಗಳ ಕೆಳಗಿದ್ದ ಕಲ್ಲುಚಪ್ಪಡಿಯ ನೆಲವನ್ನು ನಾನೂ ಮೂಲೆಯೊಂದರಲ್ಲಿ ಎತ್ತಿ ನೋಡಿದ್ದೆನೇ ಹೊರತು ಇಡಿಯಾಗಿ ಕಂಡಿರಲಿಲ್ಲ. ನಟ್ಟನಡುವೆ ರುಕ್ಕು ಆಂಟಿ, ಸೀರೆ ಎತ್ತಿ ಕಟ್ಟಿ, ಕೈಯಲ್ಲಿ ಉದ್ದ ಹಿಡಿಯ ಪೊರಕೆ. ಪಕ್ಕದಲ್ಲಿ ತುಂಬಿದ ಬಕೆಟ್ಟುಗಳ ಸಾಲು. ಒಂದನ್ನು ಎತ್ತಿ ಆಗಲೇ ಸುರಿದಾಗಿತ್ತು.

"ಅಯ್ಯೋ ಆಂಟಿ, ನೀರು ಸುರೀಬೇಡಿ! ಗೋಡೆ ಹಾಳಾಗತ್ತೆ!"

"ಏನೇ ವಿಜಿ, ಹಿಂಗೆ ಕಿರುಚ್ಕೊಳ್ತೀಯ. ನೆಲ ತೊಳೀತಿದ್ದೀನಿ, ಗೋಡೆಗೇನಾಗತ್ತೆ?"

"ಒರೆಸಿ ಸಾಕು. ಮಾಪ್ ತಂದುಕೊಡ್ತೀನಿ. ಇಲ್ಲಿ ನೀರು ಹೋಗೋಕೆ ದಾರಿ ಇಲ್ಲ, ನಿಂತು ಗೋಡೆಗೆ ಏರತ್ತೆ."

"ದೇವರು ಕೂರೋ ಜಾಗ ಕಣೇ! ಒರೆಸಿದ್ರೆ ಆಗತ್ತಾ? ತೊಳೀಬೇಕು." ಎನ್ನುತ್ತಲೇ ಅಂಗಡಿಯ ಅರಿಶಿನದ ಪೊಟ್ಟಣಕ್ಕೆ ಕೈಹಾಕಿ ಮುಷ್ಟಿ ತುಂಬ ತೆಗೆದು ಎರಡನೇ ಬಕೆಟ್ಟಿಗೆ ಕದಡಿದರು. ಅರಿಶಿನದ ನೀರನ್ನು ನಮ್ಮ ಮನೆಗಳಲ್ಲಿ ಚಿಟಿಕೆ ಹಾಕಿ ಚಿಮುಕಿಸುತ್ತಾರೆ. ಅದನ್ನೇ ಹೇಳಿದೆ.

"ಎಷ್ಟು ವರ್ಷದ ಬಿಯರ್ ನಾತ ಇದು, ಚಿಟಿಕೆಗೆಲ್ಲ ಬಗ್ಗತ್ತಾ?" ಎಂದು ಅದನ್ನೂ ಸುರಿದರು. ಮೂರನೆಯದನ್ನೂ ಸುರಿದರು. ನಾನು ಬಕೆಟ್ಟಿನ ಹಿಡಿಕೆಯನ್ನು ಹಿಡಿದು ಎಳೆದೆ, ಅವರು ಅತ್ತ ಎಳೆದರು. ಆಸ್ಪತ್ರೆಯ ಅಡುಗೆಮನೆಯಲ್ಲಿ ಕೊಪ್ಪರಿಗೆ ಎತ್ತಿದ ಕೈ ಅದು. ನಾನು ಸೋತೆ.

ಸೋತು, ನೀರು ಎಲ್ಲಿ ನಿಂತು ಅನಾಹುತ ಮಾಡುತ್ತದೋ ಎಂದು ನೆಲ ನೋಡುತ್ತ ನಿಂತೆ. ನೀರು ನಿಲ್ಲಲಿಲ್ಲ. ಹಳದಿ ನೀರು ನಾಲ್ಕೂ ಕಡೆಯಿಂದ ಮೆಲ್ಲಗೆ ನಡುವಿಗೆ ಸರಿಯಿತು, ನಡುವಿನಲ್ಲಿ ಒಂದು ಸಾಲಾಗಿ ಸೇರಿತು, ಆ ಸಾಲು ಮನೆಗೆ ಅಂಟಿದ ಗೋಡೆಯತ್ತ ಹರಿದು, ಮೂಲೆಯ ಒಂದು ಚಪ್ಪಡಿಯ ಕೆಳಗೆ ಗುಳುಗುಳು ಎನ್ನುತ್ತ ಇಳಿದುಹೋಯಿತು. ಕಣ್ಣಿಗೆ ಸಪಾಟಾಗಿ ಕಾಣುತ್ತಿದ್ದ ನೆಲಕ್ಕೆ ಯಾರೋ ಅಷ್ಟು ನಯವಾಗಿ ವಾಟ ಕೊಟ್ಟಿದ್ದರು.

"ನೋಡು, ಹೋಯ್ತು ನೀರು," ಎಂದರು ಆಂಟಿ. "ದಾರಿ ಇಲ್ಲವಂತೆ!"

ಇಂಗು ತಿಂದ ಮಂಗನಂತೆ ನಿಂತಿದ್ದೆ. ಹೋಗಿದ್ದೇನೋ ಸರಿ, ಎಲ್ಲಿಗೆ ಹೋಯಿತು? ಮನೆಯ ಅಡಿಗೆ ಹೋಗಿರಬೇಕು. ಇಯನ್‌ರ ಮಲಗುವ ಕೋಣೆಯ ನೆಲ ಉಬ್ಬಿದರೆ ಅದಕ್ಕೂ ನಾವೇ ಹೊಣೆ. ಓಡಿ ಅಂಗಳಕ್ಕೆ ಬರುವಷ್ಟರಲ್ಲಿ ಇಯನ್ ಕಮಾನಿನ ಕೆಳಗಿಂದ ದಾಪುಗಾಲು ಹಾಕುತ್ತ ಬಂದರು.

"ರಸ್ತೆಗೆ ಸಾರು ಚೆಲ್ಲುತ್ತಿರೋದು ಯಾರು?"

ಆಂಟಿ ಥಟ್ಟನೆ ಪೊರಕೆಯನ್ನು ಬೆನ್ನ ಹಿಂದೆ ಹಿಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರು ಎನ್ನುವುದು ಇದಕ್ಕೇ. ನಾನು ಇಯನ್‌ರ ಹಿಂದೆ ಮುಂಬಾಗಿಲಿಗೆ ಓಡಿದೆ. ಪಬ್ಬಿನ ಓರೆಮೂಲೆಯ ಬಾಗಿಲ ಪಕ್ಕ, ಫುಟ್‌ಪಾತಿಗೆ ತಾಗಿದ ಅಡಿಪಾಯದ ಕಲ್ಲಿನಲ್ಲಿ ಒಂದು ಬಾಯಿ ಇತ್ತು. ಪಬ್ಬಿನ ನೆಲಮಾಳಿಗೆಯ ನೀರು ಹೋಗಲು ಮಾಡಿದ್ದು ಎಂದು ನಾವೆಲ್ಲ ತಿಳಿದಿದ್ದೆವು; ನನ್ನ ನಕ್ಷೆಯಲ್ಲೂ ಹಾಗೇ ಬರೆದಿದ್ದೆ. ಅದರೊಳಗಿಂದ ಅಪ್ಪಟ ಹಳದಿ ನೀರು ಬಳಬಳನೆ ಹರಿದು ಮೋರಿ ಸೇರುತ್ತಿತ್ತು.

ಫುಟ್‌ಪಾತಿನ ಮೇಲೆ ಮಂಡಿಯೂರಿ ಕೂತೆ. ಮಳೆ ಹನಿಯುತ್ತಿದ್ದದ್ದೂ ನೆನಪಿಲ್ಲ. ಲಾಯದ ಮೂಲೆಯಲ್ಲಿ ಇಳಿದ ನೀರು ಮನೆಯ ಅಡಿ, ಕಮಾನಿನ ಅಡಿ, ಪಬ್ಬಿನ ಅಡಿ ಹಾದು ಇಲ್ಲಿ ಬರುತ್ತಿದೆ. ನೆಲದೊಳಗೆ ಮೂರಕ್ಕೂ ಸೇರಿ ಒಂದೇ ಮೋರಿ ಇದೆ. ನಿಂತ ಮನೆಯ ಕೆಳಗೆ ಯಾರೂ ಆಮೇಲೆ ಮೋರಿ ಕೊರೆಯುವುದಿಲ್ಲ. ಮೋರಿ ಮೊದಲು, ಗೋಡೆ ಆಮೇಲೆ. ಹೆಲೆನ್‌ಗೆ ಫೋನ್ ಮಾಡಿದೆ. ಏನು ಹೇಳಿದೆನೋ ಗೊತ್ತಿಲ್ಲ, ಅರ್ಧ ಕನ್ನಡದಲ್ಲೇ ಹೇಳಿರಬೇಕು. ಅವರು ಬಂದಿಳಿದಾಗ ನೀರು ನಿಂತಿತ್ತು.

"ಇನ್ನೊಂದು ಸಲ ಹಾಕೋಕೆ ಆಗುತ್ತಾ?" ಎಂದು ಹೆಲೆನ್ ಕೇಳಿದರು. ಮೋರಿಯ ಜಾಡು ಹಿಡಿಯಲು ನಮ್ಮ ಕೆಲಸದಲ್ಲೂ ಬಣ್ಣದ ನೀರು ಬಿಡುತ್ತಾರೆ, ಅದಕ್ಕೆಂದೇ ಪುಡಿ ಸಿಗುತ್ತದೆ. ಆದರೆ ಮೋರಿ ಇದೆಯೆಂದು ಗೊತ್ತಿದ್ದರಲ್ಲವೇ ಬಿಡುವುದು!

ರುಕ್ಕು ಆಂಟಿಗೆ ತಾನು ಮಾಡಿದ್ದು ತಪ್ಪೋ ಸರಿಯೋ ಇನ್ನೂ ತಿಳಿದಿರಲಿಲ್ಲ. "ಹಾಕ್ತೀನಿ ಬಿಡು, ಹೇಗೂ ಇನ್ನೊಂದು ಸಲ ತೊಳೀಬೇಕಿತ್ತು," ಎಂದು ಪೊಟ್ಟಣವನ್ನೇ ಬಕೆಟ್ಟಿಗೆ ಮಗುಚಿದರು. ನಾವು ಮೂವರು ಮುಂದಿನ ಫುಟ್‌ಪಾತಿನಲ್ಲಿ ಸಾಲಾಗಿ ಬಗ್ಗಿ ನಿಂತೆವು. ಬಂತು ಹಳದಿ. ಹೆಲೆನ್ ಬೆರಳದ್ದಿ ಮೂಸಿದರು. ಆ ಮಿತಭಾಷಿಯ ಮುಖದಲ್ಲಿ ನಾನು ಅಂಥ ನಗು ಕಂಡಿದ್ದು ಅದೊಂದೇ ಸಲ.

ಏನಾಗುತ್ತಿದೆ ಎಂದು ಇಯನ್‌ಗೆ ವಿವರಿಸಿದೆವು. ಅವರು ಮೋರಿಯ ಬಾಯನ್ನೇ ನೋಡುತ್ತ ಕೇಳಿಸಿಕೊಂಡರು. "ಹಾಗಾದರೆ ನಾನು ಇಲ್ಲೇ ಇರಬಹುದಾ?" ಎಂದರು.

"ಈಗಲೇ ಹೇಳಲಾರೆ," ಎಂದರು ಹೆಲೆನ್. ಅದು ಸತ್ಯವೇ. ಆದರೂ ಆ ಕ್ಷಣಕ್ಕೆ ಹೆಲೆನ್ ಒಂದು ಸುಳ್ಳು ಹೇಳಬಾರದಿತ್ತೇ ಎನಿಸಿತು.

ಮರುದಿನ ಲಾಯದಲ್ಲಿ ಗಣಪತಿ ಕೂತ. ಮಣ್ಣಿನ ಪುಟ್ಟ ಮೂರ್ತಿ, ಹಿಂದೆ ನಿಂಬೆಕೊಂಬೆ ಕಟ್ಟಿದ ಮಂಟಪ. ಗೊಣಗಿದವರೇ ಎಲ್ಲರಿಗಿಂತ ಮೊದಲು ಬಂದು ಮುಂದಿನ ಸಾಲು ಹಿಡಿದರು. ಇಯನ್ ಸ್ಕಾಟಿಷ್ ಗಂಡಸರ ಚೌಕಳಿ ಲಂಗ ಉಟ್ಟು, ಕೋಟು ಹಾಕಿ ಬಂದಿದ್ದರು. ಮಕ್ಕಳು ಅದನ್ನು ನೋಡಿ ನಗುತ್ತಿದ್ದಾಗ ರುಕ್ಕು ಆಂಟಿ ಕಣ್ಣು ಬಿಟ್ಟರು. "ನಿಮ್ಮ ತಾತ ಪಂಚೆ ಉಡಲ್ವಾ? ಇವರದ್ದು ಸ್ವಲ್ಪ ಗಿಡ್ಡ ಪಂಚೆ, ಅಷ್ಟೇ." ಮಂಗಳಾರತಿಯ ತಟ್ಟೆ ಮುಂದೆ ಬಂದಾಗ ಇಯನ್ ಏನು ಮಾಡಬೇಕೆಂದು ತಿಳಿಯದೆ ಪಕ್ಕದವರನ್ನು ನೋಡಿ ಕೈಯನ್ನು ಬೆಳಕಿಗೆ ಹಿಡಿದು ಕಣ್ಣಿಗೊತ್ತಿಕೊಂಡರು. ಸ್ವಲ್ಪ ಹೆಚ್ಚೇ ಹೊತ್ತು ಒತ್ತಿಕೊಂಡಿದ್ದರು.

ಆಮೇಲಿನದೆಲ್ಲ ಬೇಗ ಹೇಳಿಬಿಡಬಹುದು. ಇಷ್ಟಾದ ಮೇಲೆ ಕೌನ್ಸಿಲ್‌ನವರು ನೆಲ ಎತ್ತಿ ನೋಡಿಯೇ ತೀರಬೇಕೆಂದರು, ಮಾಲೀಕರು ಬೇಡವೆನ್ನಲಾಗಲಿಲ್ಲ. ಚಪ್ಪಡಿ ಎತ್ತಿ ಮೋರಿಯೊಳಕ್ಕೆ ಕ್ಯಾಮೆರಾ ಬಿಟ್ಟೆವು. ಮನೆಯ ಗೋಡೆ ಮೋರಿಯನ್ನು ದಾಟುವ ಕಡೆಯೆಲ್ಲ, ಭಾರ ಬೀಳದಂತೆ ಮೊಳದಗಲದ ಒಂದೊಂದು ಕಲ್ಲಿನ ಕಮಾನು. ಯಾರ ಕಣ್ಣಿಗೂ ಬೀಳದ ಕಡೆ, ಮುಂಬಾಗಿಲಿಗೆ ಕೆತ್ತಿದಷ್ಟೇ ಒಪ್ಪವಾಗಿ ಕೆತ್ತಿ ಕೂರಿಸಿದ್ದ. ಉಳಿಯ ಗೆರೆಗಳೂ ಪಬ್ಬಿನ ನೆಲಮಾಳಿಗೆಯ ಕಲ್ಲಿನ ಮೇಲಿದ್ದಂಥವೇ. ಕೆಳಗೆ ಸರಿಯಾಗಿ ನೀರು ಹರಿಯಲಿ, ಮೇಲೆ ಏನು ಬೇಕಾದರೂ ಆಗಲಿ ಎಂದು ಅಂದುಕೊಂಡವನಂತೆ ಆ ಕಲ್ಲುಕುಟಿಗ ಮೊದಲು ಮೋರಿ ಕಟ್ಟಿ, ಅದರ ಮೇಲೆ ಮೂರನ್ನೂ ಎಬ್ಬಿಸಿದ್ದ. ನಾನು ಪರದೆಯ ಮುಂದೆ ಕೂತು ಅವನಿಗೆ ಕೈಮುಗಿದೆ, ನಾಚಿಕೆಯಿಲ್ಲದೆ. ಬೇಸಿಗೆ ಬರುವ ಮೊದಲು ಕೌನ್ಸಿಲ್ ತೀರ್ಮಾನ ಹೇಳಿತು. ಮನೆಯೂ ಲಾಯವೂ ಪಟ್ಟಿಗೆ ಸೇರಿದವು. ಇಯನ್ ಪೆಟ್ಟಿಗೆ ಬಿಚ್ಚಿ, ಗೋಡೆಯ ಬೆಳ್ಳನೆಯ ಗುರುತುಗಳಿಗೆ ಸರಿಯಾಗಿ ಫೋಟೋಗಳನ್ನು ಮತ್ತೆ ತೂಗುಹಾಕಿದರು. ಮರುವರ್ಷ ಗಂಡನಿಗೆ ಪರ್ತ್‌ನಲ್ಲಿ ಕೆಲಸವಾಗಿ ನಾವು ಹೊರಟುಬಂದೆವು. ರುಕ್ಕು ಆಂಟಿ ಮಗಳ ಬಾಣಂತನಕ್ಕೆಂದು ಬ್ರಿಸ್ಬೇನ್‌ನ ಫಾರೆಸ್ಟ್ ಲೇಕ್‌ಗೆ ಹೋದವರು ಮೊಮ್ಮಗುವಿನ ಮಾಯೆಗೆ ಬಿದ್ದು ಅಲ್ಲೇ ಉಳಿದರು.

ಹಾಗಾಗಿ ೨೦೧೯ರ ಆ ಹಬ್ಬದ ಹಿಂದಿನ ದಿನ ನಾನು ಕಮಾನಿನ ಕೆಳಗೆ ಕಾಲಿಟ್ಟಾಗ ಅಂಗಳದಲ್ಲಿ ನಮ್ಮವರು ಯಾರೂ ಇರಲಿಕ್ಕಿಲ್ಲ ಎಂದುಕೊಂಡಿದ್ದೆ. ಕನ್ನಡ ಶಾಲೆಗೆ ದೊಡ್ಡ ಜಾಗ ಸಿಕ್ಕಿತ್ತು, ಗಣಪತಿಯೂ ಅಲ್ಲಿಗೆ ಹೋಗಿದ್ದ. ಕಾಗೆ ಮೆಟ್ಟಿಲ ಮೇಲೆ ಗಿಣಿಗಳು ಅದೇ ಜಗಳ ಮುಂದುವರಿಸಿದ್ದವು. ಲಾಯದ ಬಾಗಿಲು ತೆರೆದಿತ್ತು. ಒಳಗೆ ಇಯನ್, ಒಂದು ಕೈಯಲ್ಲಿ ಊರುಗೋಲು. ಇನ್ನೊಂದು ಕೈಯಲ್ಲಿ ಚಮಚ ಹಿಡಿದು ಬಕೆಟ್ಟಿಗೆ ಅರಿಶಿನ ಕದಡುತ್ತಿದ್ದರು.

"ರುಕ್ಕು ಹೇಳಿ ಹೋಗಿದ್ದಾಳೆ," ಎಂದರು ನನ್ನನ್ನು ಕಂಡು, ನಾನು ನಿನ್ನೆ ತಾನೆ ಬಂದುಹೋದವಳೋ ಎಂಬಂತೆ. "ವರ್ಷಕ್ಕೊಂದು ಸಲ ತೊಳೀಬೇಕಂತೆ. ಒರೆಸಿದರೆ ಸಾಲದಂತೆ. ಬಂದಿದ್ದೀಯಲ್ಲ, ನೀನು ಮುಂದೆ ಹೋಗಿ ನಿಲ್ಲು. ನನಗೆ ಸುರಿದು ಅಲ್ಲಿಗೆ ಓಡೋಕಾಗಲ್ಲ."

ಓರೆಮೂಲೆಯ ಬಾಗಿಲ ಪಕ್ಕ ಬಂದು ನಿಂತು ಫಾರೆಸ್ಟ್ ಲೇಕ್‌ಗೆ ವಿಡಿಯೋ ಕಾಲ್ ಮಾಡಿದೆ. ರುಕ್ಕು ಆಂಟಿ ಸೊಂಟದ ಮೇಲೆ ಮೊಮ್ಮಗುವನ್ನು ಕೂರಿಸಿಕೊಂಡು ಬಂದರು. ಬಡಕಲಾಗಿದ್ದರು, ಧ್ವನಿ ಮಾತ್ರ ಅದೇ.

"ಎಲ್ಲೇ ಇದ್ದೀಯ ವಿಜಿ? ಅಯ್ಯೋ, ಅದು ಪಬ್ಬಲ್ವಾ! ತೊಳೀತಿದ್ದಾರಾ ಅವರು? ನೀರು ಬಂತಾ?"

"ಇನ್ನೂ ಇಲ್ಲ ಆಂಟಿ."

ಹಿಂದಿನಿಂದ ಬಕೆಟ್ಟು ಮಗುಚಿದ ಸದ್ದು ಕೇಳಿಸಿತು. ಕಲ್ಲಿನ ಬಾಯಿಗೆ ಕ್ಯಾಮೆರಾ ಹಿಡಿದು ಬಗ್ಗಿದೆ. ಒಣಗಿತ್ತು. ಎರಡನೇ ಬಕೆಟ್ಟಿನ ಸದ್ದು ಬಂತು. ಎಲ್ಲಾದರೂ ಬೇರು ಹೊಕ್ಕು ಕಟ್ಟಿಕೊಂಡಿದ್ದರೆ? ಆ ಮುದುಕನಿಗೆ ನಾನು ಏನೆಂದು ಹೇಳಲಿ? ಕಲ್ಲಿನ ಅಂಚು ಮೊದಲು ಒದ್ದೆಯಾಯಿತು. ಸುಣ್ಣದ ವಾಸನೆ ಬಂತು. ಆಮೇಲೆ ಒಂದು ಎಳೆಯಷ್ಟು ಹಳದಿ, ಅದರ ಹಿಂದೆಯೇ ಬಳಬಳನೆ ಉಳಿದದ್ದು.

"ಬಂತು ಆಂಟಿ, ಬಂತು!"

"ಬಣ್ಣ ಸಾಲದು," ಎಂದರು ಆಂಟಿ ಮೂಗೊರೆಸಿಕೊಳ್ಳುತ್ತ. "ಇನ್ನೊಂದೆರಡು ಚಮಚ ಹಾಕೋಕೆ ಹೇಳು. ಅವರು ಯಾವಾಗಲೂ ಜುಗ್ಗತನ ಮಾಡ್ತಾರೆ."

ಊರುಗೋಲಿನ ಟಕಟಕ ಕಮಾನಿನ ಕೆಳಗಿಂದ ಹತ್ತಿರವಾಯಿತು. ಇಯನ್ ಬಂದು ನನ್ನ ಪಕ್ಕ ಕಷ್ಟಪಟ್ಟು ಬಗ್ಗಿ ಹರಿಯುವ ಹಳದಿ ನೀರನ್ನು ನೋಡಿದರು.

"ಸರಿ ಹಾಗಾದರೆ," ಎಂದರು. "ಇನ್ನೊಂದು ವರ್ಷ ನಾನು ಇಲ್ಲೇ ಇರಬಹುದು."